ಬಡಗುಪೇಟೆಯ ಮುರುಗಲು ತುಪ್ಪ: ಕೂದಲ ತುದಿಗೆ ಸರಿ, ಬುಡಕ್ಕೆ ಬೇಡ

ಉಡುಪಿಯ ಬಡಗುಪೇಟೆಯಲ್ಲಿ ಒಂದು ಹಳೆಯ ಗ್ರಂಧಿಗೆ ಅಂಗಡಿ ಇದೆ. ಅಳಲೆಕಾಯಿ, ಹಿಪ್ಪಲಿ, ಅಂಟುವಾಳ, ಹೋಮದ ಸಮಿತ್ತು ಎಲ್ಲವನ್ನೂ ಮಾರುವ, ಒಳಗೆ ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕಾದಷ್ಟು ಚಿಕ್ಕ ಅಂಗಡಿ. ಅಲ್ಲಿ ಮುರುಗಲು ತುಪ್ಪ ಸಿಗುತ್ತದೆ, 100 ಗ್ರಾಂಗೆ 140 ರೂಪಾಯಿ. ನಾವು ಪುನರ್ಪುಳಿ ಎನ್ನುವ ಅದೇ ಹಣ್ಣಿನ ಬೀಜದಿಂದ ತೆಗೆದ ಗಟ್ಟಿ ಕೊಬ್ಬು ಇದು. ಒಡೆದ ಹಿಮ್ಮಡಿಗೆ, ಚಳಿಗಾಲದಲ್ಲಿ ಬಿರಿಯುವ ತುಟಿಗೆ ಜನ ಒಯ್ಯುತ್ತಾರೆ. ನಾನು ಒಯ್ಯುವುದು ತಲೆಕೂದಲಿಗೆ ಎಂದಾಗ ಅಂಗಡಿಯ ಹಿರಿಯರು, "ಅದಕ್ಕೆ ಬೇರೆ ಎಣ್ಣೆ ಇದೆಯಲ್ಲ ಅಕ್ಕ" ಎಂದು ಬಾಟಲಿಯೊಂದನ್ನು ಮುಂದೆ ತಳ್ಳಿದರು. ಬಾಟಲಿ ಬೇಡವೆಂದೆ. ಹೆಚ್ಚು ಒತ್ತಾಯಿಸಲಿಲ್ಲ, ಅದಕ್ಕಾಗಿ ಈ ಅಂಗಡಿಗೆ ಒಂದು ಅಂಕ ಹೆಚ್ಚು.

ನನ್ನ ಕೂದಲು ಗುಂಗುರು, ದಪ್ಪ, ತುದಿಯಲ್ಲಿ ಸದಾ ಒಣ. ಮಲ್ಪೆಯಿಂದ ಉಡುಪಿಗೆ ದಿನವೂ ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ. ಮೇಲೆ ಹೆಲ್ಮೆಟ್, ಕೆಳಗೆ ಉಪ್ಪುಗಾಳಿ. ಸಂಜೆಗೆ ಜಡೆಯ ತುದಿ ತೆಂಗಿನ ನಾರಾಗಿರುತ್ತದೆ. ಇಂಥ ಕೂದಲಿಗೆ ಈಗ ಎಲ್ಲರೂ ಹೇಳುವ ಮದ್ದು 'ಬಟರ್': ಶಿಯಾ, ಕೋಕೋ, ಮಾವಿನ ಗೊರಟಿನದು. ಅವುಗಳಲ್ಲಿ ಎರಡನ್ನು ತರಿಸಿ ನೋಡಿದ ಮೇಲೆಯೇ ನಮ್ಮ ಹಿತ್ತಲಿನ ಹಣ್ಣಿನ ಕಡೆ ತಿರುಗಿದ್ದು.

ಮೊದಲು ಸರಕಿನ ವಿಷಯ. ಕಾಗದದಲ್ಲಿ ಸುತ್ತಿ ಕೊಡುವ ಉಂಡೆ ಮೊಟ್ಟೆಯ ಗಾತ್ರದ್ದು, ಬೂದು ಮಿಶ್ರಿತ ಬಿಳಿ, ಒಂದು ಬದಿ ಚಪ್ಪಟೆ. ಉಗುರಿನಿಂದ ಗೀರಿದರೆ ಪುಡಿ ಉದುರುತ್ತದೆ, ಒತ್ತಿದರೆ ಹೆಬ್ಬೆರಳಿನ ಗುರುತು ಬೀಳುವುದಿಲ್ಲ. ಮೂಗಿನ ಹತ್ತಿರ ಹಿಡಿದರೆ ಸಣ್ಣಗೆ ಒಲೆಯ ಹೊಗೆಯ ವಾಸನೆ. ಕರಗಿಸಿದಾಗ ಪಾತ್ರೆಯ ತಳದಲ್ಲಿ ಕಪ್ಪು ಕಣಗಳು ನಿಲ್ಲುತ್ತವೆ, ತೆಳು ಬಟ್ಟೆಯಲ್ಲಿ ಸೋಸಲೇಬೇಕು. ಮನೆಯಲ್ಲಿ ತೆಗೆದ ತುಪ್ಪದ ಲಕ್ಷಣ ಇದು. ಹೆಬ್ರಿಯ ದೊಡ್ಡಮ್ಮನ ಮನೆಯಲ್ಲಿ ನಾನು ಈ ಕೆಲಸ ನೋಡಿದ್ದೇನೆ. ಏಪ್ರಿಲ್-ಮೇಯಲ್ಲಿ ಹಣ್ಣು ಒಡೆದು ಸಿಪ್ಪೆಯನ್ನು ಸಾರಿಗೂ ಶರಬತ್ತಿಗೂ ಒಣಗಿಸುತ್ತಾರೆ. ಉಳಿದ ಬೀಜವನ್ನು ತೊಳೆದು, ಒಣಗಿಸಿ, ಹೊಟ್ಟು ಬಿಡಿಸಿ, ಕುಟ್ಟಿ ಪುಡಿ ಮಾಡಿ, ದೊಡ್ಡ ಪಾತ್ರೆಯ ನೀರಿನಲ್ಲಿ ಕುದಿಸುತ್ತಾರೆ. ಕೊಬ್ಬು ಮೇಲೆ ತೇಲುತ್ತದೆ. ಸೌಟಿನಿಂದ ತೆಗೆದು ಬಿಟ್ಟರೆ ತಣಿದು ಕಲ್ಲಾಗುತ್ತದೆ. ದೊಡ್ಡಮ್ಮ ಅದರಲ್ಲಿ ಒಂದು ಚೂರನ್ನು ಬಚ್ಚಲಿನ ಗೂಡಿನಲ್ಲಿ ಇಟ್ಟಿರುತ್ತಿದ್ದರು. ಕಾಲಿಗೆ ಮಾತ್ರ. ತಲೆಗೆ ಹಚ್ಚುವ ಮಾತೆತ್ತಿದರೆ, "ತಲೆಗೆ ತೆಂಗಿನೆಣ್ಣೆ ಇಲ್ಲವಾ ಮಗಳೇ?" ಎನ್ನುತ್ತಿದ್ದರು.

ದೊಡ್ಡಮ್ಮನ ಪ್ರಶ್ನೆಯಲ್ಲಿ ಹುರುಳಿದೆ. ತೆಂಗಿನೆಣ್ಣೆಯಲ್ಲಿ ಹೆಚ್ಚಾಗಿರುವ ಲಾರಿಕ್ ಎಂಬ ಕೊಬ್ಬಿನಾಮ್ಲದ ಅಣು ಚಿಕ್ಕದು, ನೇರವಾದದ್ದು. ಕೂದಲ ಎಳೆಯ ಒಳಗೇ ಇಳಿಯುತ್ತದೆ. ತೊಳೆಯುವ ಮೊದಲು ಹಚ್ಚಿಕೊಂಡರೆ ಕೂದಲು ಕಳೆದುಕೊಳ್ಳುವ ಪ್ರೋಟೀನ್ ಕಡಿಮೆಯಾಗುತ್ತದೆ ಎಂಬುದನ್ನು 2003ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತ್ತು. ಅದೇ ಪರೀಕ್ಷೆಯಲ್ಲಿ ಸೂರ್ಯಕಾಂತಿ ಎಣ್ಣೆಗೂ ಖನಿಜ ತೈಲಕ್ಕೂ ಆ ಗುಣ ಕಾಣಲಿಲ್ಲ. ಮುರುಗಲು ತುಪ್ಪದಲ್ಲಿ ಇರುವುದು ಬಹುಪಾಲು ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲ. ಇದರ ಕೆಲಸ ಹೊರಗಿನದು: ಎಳೆಯ ಮೇಲೆ ತೆಳುವಾಗಿ ಕುಳಿತು ಉಜ್ಜಾಟ ತಪ್ಪಿಸುವುದು, ಇರುವ ತೇವ ಬೇಗ ಆರದಂತೆ ನೋಡಿಕೊಳ್ಳುವುದು. ಹಾಗಿದ್ದಮೇಲೆ ಇದನ್ನು ತೆಂಗಿನೆಣ್ಣೆಯ ಬದಲಿಗೆ ಹಚ್ಚುವುದು ದಡ್ಡತನ, ಜೊತೆಗೆ ಹಚ್ಚುವುದು ಜಾಣತನ.

ನಮ್ಮ ಕರಾವಳಿಗೆ ಇದು ಒಗ್ಗುವುದಕ್ಕೆ ಇನ್ನೊಂದು ಕಾರಣ ಸೆಖೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೇ ಕರಗುತ್ತದೆ, ಅಂದರೆ ಉಡುಪಿಯಲ್ಲಿ ಡಿಸೆಂಬರಿನ ಕೆಲವು ಬೆಳಗುಗಳನ್ನು ಬಿಟ್ಟರೆ ಅದು ನೀರೇ. ಶಿಯಾ ಮೂವತ್ತರ ಮೇಲೆ ಹೋದಂತೆ ಸಡಿಲವಾಗುತ್ತದೆ. ಮುರುಗಲು ತುಪ್ಪ 40ರ ಆಸುಪಾಸಿನವರೆಗೂ ಜಗ್ಗುವುದಿಲ್ಲ. ಮೇ ತಿಂಗಳ ಮಧ್ಯಾಹ್ನದಲ್ಲೂ ಡಬ್ಬಿಯೊಳಗೆ ಗಟ್ಟಿಯಾಗಿಯೇ ಕುಳಿತಿರುತ್ತದೆ. ಹಾಗೆಂದು ಉಂಡೆಯನ್ನೇ ಕೂದಲಿಗೆ ಉಜ್ಜಲು ಹೋಗಬೇಡಿ, ಮೇಣ ಮೆತ್ತಿದ ಹಾಗಾಗುತ್ತದೆ.

ನಾನು ಮಾಡುವ ಮಿಶ್ರಣ ಹೀಗೆ. 30 ಗ್ರಾಂ ತುಪ್ಪವನ್ನು ಚಾಕುವಿನಿಂದ ಹೆರೆದು ಸ್ಟೀಲ್ ಬಟ್ಟಲಿಗೆ ಹಾಕಿ, ಆ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಇಡುತ್ತೇನೆ. ನೇರ ಬೆಂಕಿ ಬೇಡ. ಕರಗಿದ ಮೇಲೆ ಸೋಸಿ, 90 ಗ್ರಾಂ ಗಾಣದ ತೆಂಗಿನೆಣ್ಣೆ ಸೇರಿಸಿ, ಬಟ್ಟಲನ್ನು ತಣ್ಣೀರಿನಲ್ಲಿ ಇಟ್ಟು ಚಮಚದಿಂದ ತಿರುವುತ್ತಾ ಇರಬೇಕು. ಮೊದಲು ಅಂಚು ಬೆಳ್ಳಗಾಗುತ್ತದೆ, ಮತ್ತೆ ಇಡೀ ಬಟ್ಟಲು ಮಂಜು ಕವಿದಂತಾಗುತ್ತದೆ, ಆಮೇಲೆ ಚಮಚ ಎಳೆದ ಗೆರೆ ಹಾಗೆಯೇ ನಿಲ್ಲುತ್ತದೆ. ಆಗ ಡಬ್ಬಿಗೆ ತುಂಬಿಸಿದರೆ ಬೆರಳಿಗೆ ನಯವಾಗಿ ಬರುವ ಮುಲಾಮು ಸಿದ್ಧ. ತಿರುವದೆ ಬಿಟ್ಟರೆ ಮೇಲೆ ಎಣ್ಣೆ, ಕೆಳಗೆ ರವೆ. ಬೇಸಿಗೆಯಲ್ಲಿ ತುಪ್ಪವನ್ನು ಸ್ವಲ್ಪ ಹೆಚ್ಚಿಸುತ್ತೇನೆ, ಮಳೆಗಾಲದಲ್ಲಿ ತುಸು ಇಳಿಸುತ್ತೇನೆ.

ಬಳಕೆ ಕಡಲೆಬೇಳೆಯಷ್ಟು. ಅಂಗೈಯಲ್ಲಿ ಉಜ್ಜಿ ಕರಗಿಸಿ, ಸ್ನಾನದ ನಂತರ ಇನ್ನೂ ಒದ್ದೆಯಾಗಿರುವ ಕೂದಲಿನ ಕೊನೆಯ ಒಂದು ಗೇಣಿಗೆ ಮಾತ್ರ. ಗುಂಗುರು ಬಿಡಿಬಿಡಿಯಾಗಿ ಕುಳಿತುಕೊಳ್ಳುತ್ತದೆ, ಹೆಲ್ಮೆಟ್ ತೆಗೆದಾಗ ಸಿಕ್ಕು ಕಡಿಮೆ, ಬಾಚಣಿಗೆ ಅರ್ಧದಲ್ಲಿ ನಿಲ್ಲುವುದಿಲ್ಲ. ಲಾಭ ಇಷ್ಟೇ, ಆದರೆ ನಿಜವಾದ ಲಾಭ. ಸೀಳಿದ ತುದಿ ಕೂಡಿಕೊಳ್ಳುವುದಿಲ್ಲ, ಅದಕ್ಕೆ ಕತ್ತರಿಯೇ ಗತಿ. ಹೊಸ ಕೂದಲು ಹುಟ್ಟುವುದಿಲ್ಲ. ಹುಟ್ಟುತ್ತದೆ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿಸಿ ಮಾರುವವರ ಬಳಿ ಆಧಾರ ಕೇಳಿ ನೋಡಿ, ಮುಂದಿನ ಗಿರಾಕಿಯ ಕಡೆ ತಿರುಗುತ್ತಾರೆ.

ನೆತ್ತಿಗೆ ಮಾತ್ರ ಬೇಡವೇ ಬೇಡ, ಅದರಲ್ಲೂ ಹೊಟ್ಟು ಇರುವವರಿಗೆ. ಹೊಟ್ಟಿಗೆ ಕಾರಣವಾಗುವ ಮಲಸೀಜಿಯ ಎಂಬ ಶಿಲೀಂಧ್ರ ಬದುಕುವುದೇ ಜಿಡ್ಡಿನ ಮೇಲೆ. ಅದಕ್ಕೆ ನಾವೇ ಎಲೆ ಹಾಕಿ ಬಡಿಸಬೇಕಾಗಿಲ್ಲ. ಜೂನ್-ಜುಲೈಯಲ್ಲಿ ಕೂದಲು ಒಣಗುವುದೇ ಕಷ್ಟ, ಬುಡದಲ್ಲಿ ಜಿಡ್ಡೂ ಸೇರಿದರೆ ತುರಿಕೆ ಖಚಿತ.

ಹೋಲಿಕೆಗೆಂದು ಉಳಿದ ಎರಡರ ಮಾತು. ಪಶ್ಚಿಮ ಆಫ್ರಿಕಾದ ಶಿಯಾ ಮರದ ಬೀಜದ ಬೆಣ್ಣೆಯನ್ನು ಆನ್‌ಲೈನಿನಲ್ಲಿ ತರಿಸಿದೆ. ಘಾನಾ, ಬುರ್ಕಿನಾ ಫಾಸೊ ಕಡೆಯ ಹೆಂಗಸರು ತಲೆಮಾರುಗಳಿಂದ ಕೈಯಾರೆ ತೆಗೆಯುವ ಸರಕು, ಗುಣದಲ್ಲಿ ಕೊರತೆಯಿಲ್ಲ. ತುಪ್ಪಕ್ಕಿಂತ ಮೆತ್ತಗೆ, ಹಚ್ಚಲು ಸುಲಭ. ಆದರೆ ಏಪ್ರಿಲಿನ ಕೊರಿಯರ್ ಚೀಲದಲ್ಲಿ ಕರಗಿ, ನಿಧಾನವಾಗಿ ಮತ್ತೆ ಗಟ್ಟಿಯಾಗಿ, ಮರಳು ಬೆರೆಸಿದಂತೆ ಕೈಗೆ ಬಂತು. ಕಳಿಸಿದವರಿಗೆ ಬರೆದರೆ 'ಇದು ಸಹಜ' ಎಂಬ ಉತ್ತರ. ಸಹಜವೇ ಹೌದು, ಪೂರ್ತಿ ಕರಗಿಸಿ ಬೇಗ ತಣಿಸಿದರೆ ಸರಿಹೋಗುತ್ತದೆ. ಆದರೆ ಆ ಬೆಲೆ ಕೊಟ್ಟವರಿಗೆ ಚೀಟಿಯಲ್ಲಿ ಒಂದು ಸಾಲು ಬರೆದು ಕಳಿಸಬಹುದಿತ್ತು.

ಕೋಕೋ ಬೆಣ್ಣೆ ನಮಗೆ ಹೊರಗಿನದಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಇದೆ, ಪುತ್ತೂರಿನಲ್ಲಿ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ. ಕೂದಲಿಗೆ ಹಚ್ಚಿದರೆ ಕೆಲಸವನ್ನೂ ಮಾಡುತ್ತದೆ. ಕಷ್ಟವಿರುವುದು ವಾಸನೆಯಲ್ಲಿ. ಶಂಕರಪುರ ಮಲ್ಲಿಗೆಯ ಅಟ್ಟೆಯನ್ನು ಮುಡಿದು, ಅದರ ಕೆಳಗೆ ಚಾಕೊಲೇಟ್ ಘಮಘಮಿಸುತ್ತಾ ಮದುವೆಮನೆಗೆ ಹೋಗಬೇಕೆಂದರೆ ನನ್ನಿಂದ ಆಗದು.

ಇನ್ನು ತೊಳೆಯುವ ಪಾಡು. ತುಪ್ಪ ಹೆಚ್ಚಾದರೆ ದಾಸವಾಳದ ಎಲೆಯ ಲೋಳೆಯಿಂದ ಹೋಗುವುದಿಲ್ಲ, ಬರೀ ತಣ್ಣೀರು ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಸೀಗೆಪುಡಿಗೆ ಕಡಲೆಹಿಟ್ಟು ಬೆರೆಸಿ, ಉಗುರುಬೆಚ್ಚಗಿಗಿಂತ ತುಸು ಮೇಲಿನ ಬಿಸಿನೀರಿನಲ್ಲಿ ತೊಳೆದರೆ ಬಿಡುತ್ತದೆ. ದಿಂಬಿನ ಹೊದಿಕೆಯ ಮೇಲೂ ಒಂದು ಕಣ್ಣಿರಲಿ.

ಮುಲಾಮಿಗೆ ಹಿತ್ತಲಿನ ಲೋಳೆಸರದ ತಿರುಳು, ಗುಲಾಬಿ ನೀರು ಸೇರಿಸಿ ಎನ್ನುವವರಿದ್ದಾರೆ. ಎಣ್ಣೆ-ತುಪ್ಪ ಮಾತ್ರವಿದ್ದರೆ ಡಬ್ಬಿ ತಿಂಗಳುಗಟ್ಟಲೆ ಉಳಿಯುತ್ತದೆ. ನೀರಿನಂಶ ಸೇರಿತೆಂದರೆ ಸಂರಕ್ಷಕವಿಲ್ಲದೆ ಬೂಸ್ಟು ಬರುತ್ತದೆ, ನಮ್ಮ ಮಳೆಗಾಲದಲ್ಲಿ ಇನ್ನೂ ಬೇಗ. ಒದ್ದೆ ಬೆರಳನ್ನೂ ಅದ್ದಬಾರದು. ಒಂದು ಒಣ ಚಮಚ ಡಬ್ಬಿಯ ಜೊತೆಗೇ ಇರಲಿ.

ಅಂಗಡಿಯ ಮೇಲೆ ನನ್ನ ದೂರು ಒಂದೇ: ಉಂಡೆಯ ಮೇಲೆ ಯಾವ ವರ್ಷದ್ದು ಎಂಬ ಗುರುತಿಲ್ಲ. ಕೇಳಿದರೆ "ಹೊಸತೇ" ಎನ್ನುತ್ತಾರೆ, ಎಲ್ಲ ತಿಂಗಳೂ ಹೊಸತೇ. ಹಾಗಾಗಿ ಕೊಳ್ಳುವ ಮೊದಲು ಚೂರು ಕೆರೆದು ಮೂಸಿ ನೋಡಿ. ಹೊಗೆ ವಾಸನೆ ಇದ್ದರೆ ಅಡ್ಡಿಯಿಲ್ಲ, ಹಳೆಯ ಹಪ್ಪಳ ಕರಿದ ಎಣ್ಣೆಯ ಕಮಟು ಇದ್ದರೆ ವಾಪಸ್ ಕೊಡಿ. ಮನೆಗೆ ಬಂದು ಒಂದು ಚೂರನ್ನು ಕೈ ತಾಳುವ ಬಿಸಿನೀರಿಗೆ ಹಾಕಿ. ಅಸಲಿ ತುಪ್ಪ ಕರಗಿ ತೇಲುತ್ತದೆ, ಮೇಣದ ಬತ್ತಿಯ ಮೇಣ ಸೇರಿದ್ದರೆ ಬಿಳಿ ತುಂಡು ಹಾಗೆಯೇ ಉಳಿಯುತ್ತದೆ. ಇಲ್ಲಿಯ ಸರಕು ಈ ಪರೀಕ್ಷೆಯಲ್ಲಿ ಗೆದ್ದಿದೆ. ತೆಳು, ನೇರ ಕೂದಲಿನವರು ದುಡ್ಡು ಉಳಿಸಿಕೊಳ್ಳಿ, ನಿಮಗೆ ತೆಂಗಿನೆಣ್ಣೆಯೇ ಸಾಕು. ಗುಂಗುರಿನವರು 50 ಗ್ರಾಂ ಕೇಳಿ, ಉಂಡೆ ಒಡೆದು ತೂಗಿ ಕೊಡುತ್ತಾರೆ.