ಚೆಂಬ್ರ ಬೆಟ್ಟಕ್ಕೆ ಒಂದು ದಿನದ ಪ್ಯಾಕೇಜ್: ಶಿಖರ ಅಂದರು, ಕೆರೆ ತೋರಿಸಿದರು

ಪ್ರತಿ ಭಾನುವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವವಳು ನಾನು. ಅದೇ ಧೈರ್ಯದ ಮೇಲೆ ಅಕ್ಕನ ಮಗಳ ಜೊತೆ ವಯನಾಡಿನ ಚೆಂಬ್ರಕ್ಕೆ ಹೊರಟೆ. ಮೈಸೂರಿನ ಒಂದು ಟ್ರಾವೆಲ್ಸ್‌ನವರ ಪ್ಯಾಕೇಜ್, ತಲೆಗೆ 1,900 ರೂಪಾಯಿ. ಹೆಸರು ಬೇಡ ಬಿಡಿ.

ಟೈಮಿಗೆ ಮಾತ್ರ ಅವರನ್ನು ಮೆಚ್ಚಲೇಬೇಕು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್ ಅಲ್ವಾ? ಹಿಂದೊಮ್ಮೆ ನಮ್ಮ ಕಾರಲ್ಲೇ ವಯನಾಡಿಗೆ ಹೋಗಿ, ಬರುವಾಗ ಹತ್ತು ನಿಮಿಷ ತಡವಾಗಿ, ಬತ್ತೇರಿಯಲ್ಲಿ ಲಾಡ್ಜ್ ಹುಡುಕಿದ್ದೆವು. ಈ ಸಲ ನಾಲ್ಕೂವರೆಗೇ ಕುವೆಂಪುನಗರದಲ್ಲಿ ಹತ್ತಿಸಿಕೊಂಡರು. ಗುಂಡ್ಲುಪೇಟೆಯಲ್ಲಿ ಕಾಫಿ ಕುಡಿಸಿ, ಗೇಟ್ ತೆಗೆಯುವ ಮೊದಲೇ ಮದ್ದೂರು ಚೆಕ್‌ಪೋಸ್ಟ್ ಸಾಲಿನಲ್ಲಿ ನಿಲ್ಲಿಸಿದ್ದರು. (ನಮ್ಮ ಮಂಡ್ಯದ ಮದ್ದೂರಲ್ಲ. ಇಲ್ಲಿ ವಡೆ ಸಿಗಲ್ಲ.)

ಮೇಪ್ಪಾಡಿಯಿಂದ ಟೀ ತೋಟಗಳ ನಡುವೆ ಮೇಲೆ ಹೋಗಬೇಕು. ನಡಿಗೆ ಶುರುವಾದ ಮೇಲೆ ನನ್ನ ಚಾಮುಂಡಿ ಅಭ್ಯಾಸ ಕೆಲಸಕ್ಕೆ ಬರಲಿಲ್ಲ. ಅಲ್ಲಿ ಕಲ್ಲಿನ ಮೆಟ್ಟಿಲು, ಕಾಲಿಟ್ಟ ಕಡೆ ಕಾಲು ನಿಲ್ಲುತ್ತೆ. ಇಲ್ಲಿ ಜಾರುವ ಮಣ್ಣು, ಉರುಳುವ ಕಲ್ಲು.

ಹುಲ್ಲಿನ ದಾರಿ ಬಂದಾಗ ಕಾಲುಚೀಲದೊಳಗೆ ಏನೋ ತಣ್ಣಗಾಯಿತು. ಇಳಿಸಿ ನೋಡಿದರೆ ಜಿಗಣೆ, ರಕ್ತ ಕುಡಿದು ಕಪ್ಪು ದ್ರಾಕ್ಷಿಯಷ್ಟಾಗಿದೆ! ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಬೆರಳ ತುದಿಯಲ್ಲಿ ಮುಟ್ಟಿಸಿದೆ. ಮುದುಡಿಕೊಂಡು ಉದುರಿತು. ಆಮೇಲೆ ದಾರಿಯುದ್ದಕ್ಕೂ ಎಲ್ಲರದ್ದೂ ಒಂದೇ ಕೂಗು, 'ಆಂಟಿ, ಸುಣ್ಣ!' ಪ್ಯಾಕೇಜಿನಲ್ಲಿ ಟೋಪಿ ಕೊಟ್ಟಿದ್ದರು, ಒಂದು ಪೊಟ್ಟಣ ಉಪ್ಪು ಕೊಡಲಿಲ್ಲ.

ಇನ್ನು ಕೆರೆ. ಹೃದಯದ ಆಕಾರ ಅಂತ ಎಲ್ಲರೂ ಹೇಳುತ್ತಾರೆ. ದಡದಲ್ಲಿ ನಿಂತರೆ ಅದು ಸುಮ್ನೆ ಒಂದು ಸಣ್ಣ ಕೊಳ. ನಮ್ಮೂರಲ್ಲಿ ದನ ತೊಳೆಯುವ ಕಟ್ಟೆಯೇ ಇದಕ್ಕಿಂತ ದೊಡ್ಡದು. ಪಕ್ಕದ ದಿಬ್ಬ ಸ್ವಲ್ಪ ಹತ್ತಿ ತಿರುಗಿದಾಗ ಆಕಾರ ಕಂಡಿತು. ಅಷ್ಟರಲ್ಲಿ ಮಂಜು ಬಂದು ಮುಚ್ಚಿತು, ಮತ್ತೆ ಬಿಟ್ಟಿತು. ಬೇಸಿಗೆಯಲ್ಲೂ ಬತ್ತಲ್ಲ ಎಂದು ಗೈಡ್ ಹೇಳಿದ. ಅರ್ಧ ಗಂಟೆ ಯಾರೂ ಮೊಬೈಲ್ ಕೂಡ ಹೆಚ್ಚು ನೋಡಲಿಲ್ಲ. ನನಗಂತೂ ಅಷ್ಟು ಸಾಕಾಗಿತ್ತು.

ಆದರೆ ಜಾಹೀರಾತಿನಲ್ಲಿ ಹಾಕಿದ್ದು '2,100 ಮೀಟರ್ ಶಿಖರ' ಅಂತ. ಕೆರೆಯಿಂದ ಮುಂದಕ್ಕೆ ಅರಣ್ಯ ಇಲಾಖೆಯವರು ಬಿಡುವುದಿಲ್ಲ. ಈ ವಿಷಯ ನಮಗೆ ಗೊತ್ತಾಗಿದ್ದು ಟಿಕೆಟ್ ಕೌಂಟರಿನಲ್ಲಿ. ಅಕ್ಕನ ಮಗಳು ಫೋನ್ ಮಾಡಿ ಕೇಳಿದ್ದಕ್ಕೆ ಟ್ರಾವೆಲ್ಸ್‌ನವರ ಉತ್ತರ: 'ಕೆರೆ ಹತ್ರದಿಂದ ಶಿಖರ ಕಾಣುತ್ತಲ್ಲ ಮೇಡಂ?'

ವಾಪಸ್ ಬರುವಾಗ ಏಳೂವರೆಗೆಲ್ಲ ಕಾಡು ದಾಟಿಸಿದ್ದರು. ಒಂಬತ್ತಕ್ಕೆ ಮನೆಯಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದೆ.

ಐದಕ್ಕೆ ಮೂರು ಕೊಡುತ್ತೇನೆ. ಒಂದು ಶಿಖರಕ್ಕೆ ಕಟ್, ಇನ್ನೊಂದು ಉಪ್ಪಿಗೆ.