ವಿಂಡೋಸ್, ಮಿಂಟ್, ಕ್ರೋಮ್, ಮ್ಯಾಕ್: ನಮ್ಮ ಡೊಂಬಿವಲಿ ಮನೆಯ ಹೋಲಿಕೆ

ಅಪ್ಪನ ಲ್ಯಾಪ್‌ಟಾಪ್ 2017ರದು. ಏಳನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ್‍ಯಾಮ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್‌ಗಳು ನಿಂತವು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರಾದರೂ ಇರಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್. ಒಂದೇ ಮೆಟ್ಟಿಲಲ್ಲಿ ತಪ್ಪಿತು. ಅಪ್‌ಡೇಟ್ ಇನ್ನೊಂದು ವರ್ಷ ವಿಸ್ತರಿಸಿಕೊಳ್ಳುವ ಅವಕಾಶವಿದೆ, 2026ರ ಅಕ್ಟೋಬರ್ 13ರ ತನಕ. ಆಮೇಲೆ ಮತ್ತದೇ ಪ್ರಶ್ನೆ.

ಸ್ಟೇಷನ್ ಹತ್ತಿರದ ಅಂಗಡಿಯವ ಸಲೀಸಾಗಿ "ಹೊಸಾದು ತಗೊಳ್ಳಿ" ಅಂದ. ಆದರೆ ಸ್ಕ್ರೀನ್ ಚೆನ್ನಾಗಿದೆ, ಕೀಬೋರ್ಡ್ ಚೆನ್ನಾಗಿದೆ, ಅಪ್ಪನ ಬೆರಳಿಗೆ ಒಗ್ಗಿದೆ. ಅದಕ್ಕೇ ಮೂರು ತಿಂಗಳು ನಾಲ್ಕು ಆಪರೇಟಿಂಗ್ ಸಿಸ್ಟಮ್‌ಗಳನ್ನು ಮನೆಯಲ್ಲಿ ಓಡಿಸಿ ನೋಡಿದೆ: ವಿಂಡೋಸ್ 11, ಅದಕ್ಕೆ ಉಚಿತ ಪರ್ಯಾಯವಾದ ಲಿನಕ್ಸ್ ಮಿಂಟ್, ಆಪಲ್‌ನ ಮ್ಯಾಕ್, ಗೂಗಲ್‌ನ ಕ್ರೋಮ್‌ಓಎಸ್ ಫ್ಲೆಕ್ಸ್. ಬಳಸಿದವರು ಅಪ್ಪ, ಹೆಂಡತಿ, ಹನ್ನೊಂದನೇ ಕ್ಲಾಸಿನ ಮಗಳು ಮತ್ತು ನಾನು.

ಮೊದಲೇ ಒಂದು ಮಾತು. "ಲಿನಕ್ಸ್ ಹಾಕಿದೆ, ಹಳೆ ಮಷೀನ್ ಕುದುರೆ ಆಯಿತು" ಅನ್ನುವವರ ಹೊಗಳಿಕೆಯಲ್ಲಿ ಅರ್ಧ ಎಸ್‌ಎಸ್‌ಡಿಗೆ, ಅಂದರೆ ಹಾರ್ಡ್ ಡಿಸ್ಕಿನ ಜಾಗಕ್ಕೆ ಹಾಕುವ ವೇಗದ ಡಿಸ್ಕಿಗೆ, ಸೇರಬೇಕಾದದ್ದು. ದಾದರಿನಲ್ಲಿ ಇಳಿದು, ಬ್ರಿಜ್ ದಾಟಿ, ವೆಸ್ಟರ್ನ್ ಲೈನಿನ ಸ್ಲೋ ಗಾಡಿ ಹಿಡಿದು ಗ್ರಾಂಟ್ ರೋಡ್‌ಗೆ ಹೋಗಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಿಂದ 256 ಜಿಬಿಯ ಒಂದು ಎಸ್‌ಎಸ್‌ಡಿ ತಂದೆ. ಹಳೆಯ ಹಾರ್ಡ್ ಡಿಸ್ಕ್ ಇದ್ದಾಗ ಬಟನ್ ಒತ್ತಿ ಚಹಾಕ್ಕೆ ಇಟ್ಟರೆ ಚಹಾವೇ ಮೊದಲು ಉಕ್ಕುತ್ತಿತ್ತು. ಎಸ್‌ಎಸ್‌ಡಿ ಹಾಕಿದ ಮೇಲೆ ಅದೇ ವಿಂಡೋಸ್ 10 ಕೂಡ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಎದ್ದಿತು. ಹೋಲಿಕೆ ಶುರುವಾದದ್ದು ಅದರ ಮೇಲೆ.

ಅಪ್ಪ ಧಾರವಾಡದವರು, ರೇಲ್ವೆಯಲ್ಲಿದ್ದು ನಿವೃತ್ತರಾದವರು. ಕಂಪ್ಯೂಟರ್ ಅವರಿಗೆ ಬೇಕಾದದ್ದು ಒಂದೇ ಕೆಲಸಕ್ಕೆ: ಕನ್ನಡ ಬರೆಯಲು. ಸಂಘದ ಸ್ಮರಣ ಸಂಚಿಕೆಗೆ ಪ್ರತಿ ವರ್ಷ ಒಂದು ಲೇಖನ, ನಡುನಡುವೆ ಪತ್ರಿಕೆಗಳಿಗೆ ವಾಚಕರ ಪತ್ರ. ಬೆರಳು ಕೂತಿರುವುದು ಕನ್ನಡ ಬರೆಯುವ ತಂತ್ರಾಂಶ ನುಡಿಯ ಕಗಪ ಕೀಲಿಮಣೆ ವಿನ್ಯಾಸಕ್ಕೆ. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ 'ಕನ್ನಡ'. ಅದನ್ನು ರೂಪಿಸಿದ ಕೆ.ಪಿ. ರಾವ್ ಅವರು ಮುಂಬಯಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು ಅನ್ನುವುದು ಅಪ್ಪನಿಗೆ ತಮ್ಮ ಸ್ವಂತ ಸಾಧನೆಯಷ್ಟು ಹೆಮ್ಮೆ. ಹಾಗಾಗಿ ನನ್ನ ಮೊದಲ ಪರೀಕ್ಷೆ ವೇಗದ್ದಲ್ಲ, ಕಗಪದ್ದು.

ವಿಂಡೋಸ್ 11 ಇರುವುದು ಹೆಂಡತಿಯ ಹೊಸ ಲ್ಯಾಪ್‌ಟಾಪಿನಲ್ಲಿ. ಅದರೊಳಗೇ ಕನ್ನಡದ ಇನ್‌ಸ್ಕ್ರಿಪ್ಟ್ ಕೀಲಿಮಣೆ ಇದೆ, ಇಂಗ್ಲಿಷಿನಲ್ಲಿ 'ನಮಸ್ಕಾರ' ಎಂದು ಒತ್ತಿದರೆ ಕನ್ನಡವಾಗುವ ಫೊನೆಟಿಕ್ ಕೂಡ ಇದೆ. ಅಪ್ಪ ನುಡಿ ಹಾಕಿಕೊಂಡೇ ಬರೆದರು. ಬರೆಯಲು ತೊಂದರೆಯಾಗಲಿಲ್ಲ, ಆದರೆ ಸ್ಟಾರ್ಟ್ ಬಟನ್ ನಡುವೆ ಕೂತಿದ್ದು ಅವರಿಗೆ ಕಡೆಗೂ ಒಗ್ಗಲಿಲ್ಲ. ಎಡಮೂಲೆಗೆ ಮೌಸ್ ಒಯ್ದು ಒಯ್ದು ಬೇಸತ್ತರು. ಸೆಟ್ಟಿಂಗ್ಸ್‌ಗೆ ಹೋಗಿ ಟಾಸ್ಕ್‌ಬಾರಿನ ಐಕಾನ್‌ಗಳನ್ನು ಎಡಕ್ಕೆ ಸರಿಸಬಹುದು. ನನಗದು ಹೊಳೆದದ್ದು ನಾಲ್ಕನೇ ದಿನ.

ಹಳೆಯ ಮಷೀನಿಗೆ ಲಿನಕ್ಸ್ ಮಿಂಟ್ ಹಾಕಿದೆ, 22ನೇ ಆವೃತ್ತಿ, ಸಿನಮನ್ ಡೆಸ್ಕ್‌ಟಾಪ್ ಇರುವುದು. ಉಬುಂಟು ಎಂಬ ಇನ್ನೊಂದು ಲಿನಕ್ಸಿನ 24.04 ಆವೃತ್ತಿಯ ತಳಹದಿಯದು, 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಬರುತ್ತದೆ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಡಿಸ್ಕ್ ಮುಟ್ಟದೆ. ಎರಡು ದಿನ ಹಾಗೆಯೇ ನೋಡಿ ವೈಫೈ, ಸ್ಪೀಕರ್, ಕ್ಯಾಮೆರಾ ಎಲ್ಲ ಸರಿ ಅಂತಾದ ಮೇಲೆ ಇನ್‌ಸ್ಟಾಲ್ ಮಾಡಿದೆ. ಅಲ್ಲೊಂದು ಎಡವಟ್ಟು ನನ್ನದೇ. 'ಇಡೀ ಡಿಸ್ಕ್ ಅಳಿಸು' ಅನ್ನುವುದಕ್ಕೆ ಒಪ್ಪಿಗೆ ಒತ್ತಿದ ಮೇಲೆ ನೆನಪಾಯಿತು, ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಸೊಸೈಟಿಯ ಆರು ತಿಂಗಳ ಮೇಂಟೆನೆನ್ಸ್ ರಸೀದಿಗಳಿದ್ದವು. ಅವನ್ನು ಸೆಕ್ರೆಟರಿಯ ಬಳಿ ಹೋಗಿ ಮತ್ತೆ ಕೇಳುವುದು ಲಿನಕ್ಸ್ ಕಲಿಯುವುದಕ್ಕಿಂತ ಕಷ್ಟದ ಕೆಲಸ.

ಆಮೇಲೆ ಬಂತು ಅಚ್ಚರಿ. ಮಿಂಟ್‌ನ ಕೀಬೋರ್ಡ್ ಪಟ್ಟಿಯಲ್ಲೇ 'ಕನ್ನಡ, ಕಗಪ' ಅಂತ ಇದೆ. ಯಾವ ತಂತ್ರಾಂಶವನ್ನೂ ಇಳಿಸಿಕೊಳ್ಳಬೇಕಿಲ್ಲ. ಪಟ್ಟಿಯಿಂದ ಆರಿಸಿಕೊಂಡರೆ ಆಯಿತು, ಬರೆದದ್ದೆಲ್ಲ ನೇರ ಯೂನಿಕೋಡ್, ಅಂದರೆ ಬೇರೆ ಮಷೀನಿನಲ್ಲೂ ಕನ್ನಡವಾಗಿಯೇ ಉಳಿಯುವ ಅಕ್ಷರ. ಅಪ್ಪ ಕೂತು ಒಂದು ಸಾಲು ಬರೆದು, ಕೆಳಗೆ ಎಡಮೂಲೆಯ ಮೆನು ನೋಡಿ, "ಇದು ಮೊದಲಿನಂಗನ ಅದಲ್ಲೋ, ಆ ಹೊಸಾದೇ ಬ್ಯಾರೆ ಆಗಿತ್ತು" ಅಂದರು. ಎಪ್ಪತ್ತೆರಡರ ಅವರಿಗೆ ವಿಂಡೋಸ್ 10ರಿಂದ 11ಕ್ಕೆ ಹೋಗುವುದಕ್ಕಿಂತ ಮಿಂಟ್‌ಗೆ ಬರುವುದು ಹತ್ತಿರದ ದಾರಿಯಾಯಿತು. ನಾನು ಹೆದರಿದ್ದು ಇದಕ್ಕೆ ಪೂರ್ತಿ ಉಲ್ಟಾ.

ಹಳೆಯ ಕಡತಗಳದ್ದು ಬೇರೆ ಕಥೆ. ಹದಿನೈದು ವರ್ಷದ ಲೇಖನಗಳು ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿವೆ. ಅವು ನಿಜಕ್ಕೂ ಕನ್ನಡ ಅಕ್ಷರಗಳಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರಗಳು. ಫಾಂಟ್ ಇಲ್ಲದ ಮಷೀನಿನಲ್ಲಿ ವೇಷ ಕಳಚಿ ತಲೆ ಮೇಲೆ ಚುಕ್ಕಿ, ಟೋಪಿ ಹೊತ್ತ ಲ್ಯಾಟಿನ್ ಜಾತ್ರೆ ಕಾಣುತ್ತದೆ. ಮಿಂಟ್‌ನಲ್ಲಿ ಆ ಫಾಂಟ್ ಫೈಲುಗಳನ್ನು ನಕಲಿಸಿ ಹಾಕಿದೆ, ಉಚಿತ ಆಫೀಸ್ ತಂತ್ರಾಂಶ ಲಿಬ್ರೆಆಫೀಸಿನಲ್ಲಿ ಲೇಖನಗಳು ಓದಲು ಬಂದವು. ತಿದ್ದಬೇಕಾದವನ್ನು ಮಾತ್ರ ಯೂನಿಕೋಡ್‌ಗೆ ಪರಿವರ್ತಿಸಿದೆ. ಪರಿವರ್ತಿಸಿದ್ದನ್ನು ಒಮ್ಮೆ ಓದಿ ನೋಡಲೇಬೇಕು, ಅರ್ಕಾವೊತ್ತು ಅಲ್ಲಲ್ಲಿ ಜಾಗ ತಪ್ಪುತ್ತದೆ.

ಪ್ರಿಂಟರ್‌ಗಳಲ್ಲಿ ಒಂದಕ್ಕೆ ಒಂದು ನ್ಯಾಯ. ವೈಫೈ ಇರುವ ಇಂಕ್‌ಜೆಟ್ಟನ್ನು ಮಿಂಟ್ ತಾನೇ ಗುರುತಿಸಿತು. ಹಳೆಯ ಲೇಸರ್ ಪ್ರಿಂಟರ್ ಎರಡು ಭಾನುವಾರ ತಿಂದು ಕಡೆಗೂ ಒಲಿಯಲಿಲ್ಲ, ಈಗ ಹೆಂಡತಿಯ ಲ್ಯಾಪ್‌ಟಾಪಿಗೆ ಜೋಡಿಸಿದ್ದೇವೆ.

ಹೆಂಡತಿ ಠಾಣೆಯಲ್ಲಿರುವ ತನ್ನ ಚಿಕ್ಕಪ್ಪನ ಹೋಟೆಲಿನ ಲೆಕ್ಕ ನೋಡುತ್ತಾಳೆ. ಟ್ಯಾಲಿ, ಜಿಎಸ್‌ಟಿ, ಎಕ್ಸೆಲ್. ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ್ದು, ಎಕ್ಸೆಲ್ ಲಿನಕ್ಸ್‌ಗೆ ಬರುವುದಿಲ್ಲ. ಲಿಬ್ರೆಆಫೀಸ್ ಎಕ್ಸೆಲ್ ಕಡತ ತೆರೆಯುತ್ತದೆ ನಿಜ, ಆದರೆ ಸಿಎ ಕಳಿಸಿದ ಮ್ಯಾಕ್ರೋ ತುಂಬಿದ ಹಾಳೆಯ ಮೇಲೆ ಅಂಥ ಪ್ರಯೋಗ ಬೇಡ. ನಾನು ಬಾಯಿ ತೆರೆಯುವ ಮೊದಲೇ ಅವಳು, "ರೀ, ನಿಮ್ಮ ಪ್ರಯೋಗ ಎಲ್ಲಾ ಆ ಮಷೀನ್‌ನಾಗ ಇಟ್ಕೋರಿ" ಅಂದಳು. ಲೆಕ್ಕಪತ್ರದ ಮನೆಗೆ ವಿಂಡೋಸ್ ಬಿಟ್ಟು ಬೇರೆ ಮಾತಿಲ್ಲ.

ದೀಪಾವಳಿಗೆ ಊರಿಗೆ ಹೋದ ಭಾವಮೈದುನ ತನ್ನ ಎಂ1 ಮ್ಯಾಕ್‌ಬುಕ್ ಏರ್ ಮೂರು ವಾರ ನಮ್ಮಲ್ಲಿ ಬಿಟ್ಟಿದ್ದ. 2020ರ ಕೊನೆಗೆ ಬಂದ ಮಾದರಿ, ಒಳಗೆ ಫ್ಯಾನೇ ಇಲ್ಲ. ಡೊಂಬಿವಲಿಯ ಅಕ್ಟೋಬರ್ ಸೆಕೆಯಲ್ಲೂ ತೊಡೆ ಸುಡಲಿಲ್ಲ, ಬೆಳಿಗ್ಗೆ ಚಾರ್ಜ್ ಮಾಡಿದರೆ ರಾತ್ರಿಯವರೆಗೂ ಬಂತು. ಟ್ರ್ಯಾಕ್‌ಪ್ಯಾಡ್ ಮುಟ್ಟಿದ ಮೇಲೆ ನಮ್ಮದು ಅರೆಯುವ ಕಲ್ಲಿನಂತೆ ಅನಿಸಿತು. ಕನ್ನಡ ಅಕ್ಷರಗಳು ತೆರೆಯ ಮೇಲೆ ಇಷ್ಟು ಚಂದ ಕಂಡದ್ದು ಅಲ್ಲೇ. ಆದರೆ ಕೀಲಿಮಣೆಯ ಪಟ್ಟಿಯಲ್ಲಿ ಅಪ್ಪನ ಕಗಪ ಸಿಗಲಿಲ್ಲ. ಅವರ ಎಕ್ಸ್‌ಟರ್ನಲ್ ಡಿಸ್ಕ್ ವಿಂಡೋಸಿನ ಎನ್‌ಟಿಎಫ್‌ಎಸ್ ರೀತಿಯದು, ಮ್ಯಾಕ್ ಅದನ್ನು ಓದುತ್ತದೆ, ಅದರ ಮೇಲೆ ಬರೆಯುವುದಿಲ್ಲ. ಪೆನ್‌ಡ್ರೈವ್ ಚುಚ್ಚಲು ಒಂದು ಡಾಂಗಲ್ ಬೇಕು. ರ್‍ಯಾಮ್ ಆಮೇಲೆ ಹೆಚ್ಚಿಸುವಂತಿಲ್ಲ, ಕೊಳ್ಳುವ ದಿನ ಎಷ್ಟೋ ಅಷ್ಟೇ. ದುಡ್ಡಿದ್ದು, ಹಳೆಯ ಗಂಟುಮೂಟೆ ಇಲ್ಲದವರು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ನಮ್ಮದು ಗಂಟುಮೂಟೆಯ ಮನೆ.

ಹಳೆಯ ಲ್ಯಾಪ್‌ಟಾಪ್‌ಗಳಿಗೂ ಹಾಕಬಹುದಾದ ಕ್ರೋಮ್‌ಓಎಸ್ ಫ್ಲೆಕ್ಸ್ ಒಂದು ವಾರವಷ್ಟೇ. 4 ಜಿಬಿ ರ್‍ಯಾಮ್ ಇದ್ದರೂ ನಡೆಯುತ್ತದೆ, ತನ್ನಷ್ಟಕ್ಕೆ ಅಪ್‌ಡೇಟ್ ಆಗುತ್ತದೆ, ಕೆಡಿಸಿಕೊಳ್ಳಲು ಒಳಗೆ ಏನೂ ಇಲ್ಲ. ಪ್ಲೇ ಸ್ಟೋರ್ ಇಲ್ಲ, ನುಡಿ ಫಾಂಟ್ ಹಾಕಲು ಸುಲಭ ದಾರಿ ಕಾಣಲಿಲ್ಲ, ನೆಟ್ ಹೋದರೆ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ. ಯೂಟ್ಯೂಬ್, ಜಿಮೇಲ್ ಮಾತ್ರ ನೋಡುವ ಅಜ್ಜಿಯರಿಗೆ ಒಳ್ಳೆಯದು.

ಮಗಳು ಮಿಂಟ್‌ನಲ್ಲಿ ಪೈಥಾನ್ ಕಲಿತಳು, ಬಣ್ಣ ಬದಲಿಸಿದಳು, ಟರ್ಮಿನಲ್ ತೆರೆದು ಗೆಳತಿಯರಿಗೆ ಜಂಬ ಕೊಚ್ಚಿದಳು. ಮೂರನೇ ವಾರಕ್ಕೆ ಯಾವುದೋ ಆಟ ಅದರಲ್ಲಿ ಬರುವುದಿಲ್ಲವೆಂದು ಅಮ್ಮನ ವಿಂಡೋಸ್‌ಗೆ ಹಿಂತಿರುಗಿದಳು. ಮನೆಯಲ್ಲಿ ಲಿನಕ್ಸಿಗೆ ಅಂಟಿಕೊಳ್ಳುವವಳು ಇವಳೇ ಎಂದು ಲೆಕ್ಕ ಹಾಕಿದ್ದೆ. ಉಳಿದದ್ದು ಅಪ್ಪ.

ಅಪ್ಪ ಡಿಸೆಂಬರಿನಲ್ಲಿ ಮಿಂಟ್‌ನಲ್ಲೇ ಕೂತು ಸಂಚಿಕೆಗೆ ಎಂಟು ಪುಟದ ಲೇಖನ ಬರೆದರು, ಸ್ವಚ್ಛ ಯೂನಿಕೋಡ್. ಕಳಿಸಿದ ಮಾರನೇ ದಿನ ಪುಟ ಕಟ್ಟುವವರ ಫೋನ್ ಬಂತು: "ರಾಯರೇ, ನಮ್ಮಲ್ಲಿ ಇನ್ನೂ ಪೇಜ್‌ಮೇಕರ್. ಹಳೇ ನುಡಿಯಲ್ಲೇ ಮಾಡಿ ಕಳಿಸ್ತೀರಾ?" ಆ ಹಳೆಯ ಪುಟವಿನ್ಯಾಸದ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ಒಗ್ಗದು. ಎಲ್ಲವನ್ನೂ ತಿರುಗಿ ಆಸ್ಕಿಗೆ ಇಳಿಸಬೇಕು, ಆ ನುಡಿ ಇರುವುದು ಹೆಂಡತಿಯ ವಿಂಡೋಸಿನಲ್ಲಿ. ಅಪ್ಪನೂ ನಾನೂ ಪೆನ್‌ಡ್ರೈವ್ ಹಿಡಿದು ಅವಳ ಮೇಜಿನ ಪಕ್ಕ ನಿಂತೆವು.

"ಸ್ವಲ್ಪ ತಡೀರಿ ಮಾವ," ಅಂದಳು, ಸ್ಕ್ರೀನಿನಿಂದ ಕಣ್ಣು ಕೀಳದೆ, "ಟ್ಯಾಲಿ ಮುಗೀಲಿ."