ಎಸ್‌ಕ್ಯುಎಲ್ ಸರ್ವರ್ ಸೆಟಪ್: ಎಲ್ಲಕ್ಕೂ ಟಿಕ್ಕಾ, ಬೇಕಾದ್ದಕ್ಕೆ ಮಾತ್ರವಾ, ಇಲ್ಲಾ ಪೋಸ್ಟ್‌ಗ್ರೆಸ್ಸಾ?

ಎಸ್‌ಕ್ಯುಎಲ್ ಸರ್ವರ್ ಅಂದರೆ ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್, ಅದನ್ನು ಹಾಕುವಾಗ ಯಾವ ಯಾವ ಫೀಚರ್ ಬೇಕು ಅಂತ ಟಿಕ್ ಹಾಕಬೇಕು. ಪೋಸ್ಟ್‌ಗ್ರೆಸ್ ಅಂದರೆ ಬಿಟ್ಟಿ ಸಿಗುವ ಇನ್ನೊಂದು ಡೇಟಾಬೇಸ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬೇಕಾದ್ದಕ್ಕೆ ಮಾತ್ರ ಟಿಕ್ ಹಾಕುವ ಕಡೆಗೆ. ಪೀಣ್ಯ, ರಾಜಾಜಿನಗರ ಕಡೆಯ ಸಣ್ಣ ಕಾರ್ಖಾನೆಗಳಿಗೆ, ಚಿಕ್ಕಪೇಟೆಯ ಒಂದೆರಡು ಹೋಲ್‌ಸೇಲ್ ಅಂಗಡಿಗಳಿಗೆ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಮೂರೂ ಥರದ ಸೆಟಪ್ ನನ್ನ ಕೈಯಲ್ಲಿ ಓಡುತ್ತಿವೆ. ಸ್ಪೀಡು, ಕೋರು, ರ‍್ಯಾಮ್ ಬಗ್ಗೆ ಇಲ್ಲಿ ಬರೆಯುವುದಿಲ್ಲ. ನಮ್ಮಂಥ ಆಫೀಸುಗಳ ಬಿಲ್ಲಿಂಗಿಗೆ ಯಾವುದಾದರೂ ಸಾಕು.

ಎಲ್ಲಕ್ಕೂ ಟಿಕ್ ಹಾಕಿದ ಸರ್ವರ್ ಇರುವುದು ಪೀಣ್ಯ ಎರಡನೇ ಹಂತದ ಒಂದು ಪಂಪ್ ಪಾರ್ಟ್ಸ್ ಕಾರ್ಖಾನೆಯಲ್ಲಿ. ಯಜಮಾನರು ಎಸ್‌ಕ್ಯುಎಲ್ ಸರ್ವರ್ 2022ರ ಸ್ಟ್ಯಾಂಡರ್ಡ್ ಎಡಿಷನ್ ಕೊಂಡಿದ್ದರು. "ದುಡ್ಡು ಕೊಟ್ಟಿದೀವಲ್ಲ, ಏನೇನಿದೆಯೋ ಎಲ್ಲಾ ಹಾಕ್ಬಿಡಪ್ಪ" ಅಂದರಂತೆ. ಹಾಕಲು ಬಂದ ಡೀಲರ್ ಕಡೆಯ ಹುಡುಗ ಫೀಚರ್ ಸೆಲೆಕ್ಷನ್ ಪುಟದಲ್ಲಿ ‘ಸೆಲೆಕ್ಟ್ ಆಲ್’ ಒತ್ತಿ ನೆಕ್ಸ್ಟ್, ನೆಕ್ಸ್ಟ್ ಅಂತ ಹೋಗಿದ್ದ. ಆಮೇಲೆ ಅದು ನನ್ನ ಕೈಗೆ ಬಂತು.

ಇಲ್ಲಿ ಜನ ಎಡವುವುದು ಒಂದು ಕಡೆ. ಟಿಕ್ ಹಾಕಿದ ಮಾತ್ರಕ್ಕೆ ಎಲ್ಲಾ ಫೀಚರೂ ಕೆಲಸ ಶುರು ಮಾಡುವುದಿಲ್ಲ. ಕೆಲವು ಕೆಲಸಕ್ಕೆ ಬರಬೇಕಾದರೆ ಮುಂದೆ ಇನ್ನೂ ಕೆಲಸ ಇರುತ್ತದೆ. ಡೇಟಾಬೇಸ್ ಒಳಗಿಂದಲೇ ಆರ್, ಪೈಥಾನ್ ಪ್ರೋಗ್ರಾಂ ಓಡಿಸುವ ಮಷೀನ್ ಲರ್ನಿಂಗ್ ಸರ್ವೀಸಸ್‌ನೇ ನೋಡಿ. 2022ರ ಸೆಟಪ್ ಜೊತೆ ಆರ್ ಆಗಲಿ ಪೈಥಾನ್ ಆಗಲಿ ಬರುವುದೇ ಇಲ್ಲ, ನಾವೇ ಬೇರೆಯಾಗಿ ತಂದು ಹಾಕಬೇಕು. ಅದಾದ ಮೇಲೆ ‘ಎಕ್ಸ್‌ಟರ್ನಲ್ ಸ್ಕ್ರಿಪ್ಟ್ಸ್ ಎನೇಬಲ್ಡ್’ ಅನ್ನೋ ಸೆಟ್ಟಿಂಗ್ ಆನ್ ಮಾಡಬೇಕು. ಹೊರಗಿನ ಡೇಟಾ ಓದುವ ಪಾಲಿಬೇಸ್‌ಗೂ ಹಾಗೇ ಒಂದು ಸ್ವಿಚ್ ಇದೆ. ಪೀಣ್ಯದಲ್ಲಿ ಇದ್ಯಾವುದನ್ನೂ ಯಾರೂ ಮಾಡಿರಲಿಲ್ಲ. ಮಾಡುವ ಅಗತ್ಯವೂ ಇರಲಿಲ್ಲ. ಆದರೆ ವಿಂಡೋಸ್‌ನಲ್ಲಿ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳ ಪಟ್ಟಿ, ಅಂದರೆ ಸರ್ವೀಸಸ್ ಲಿಸ್ಟ್ ತೆರೆದರೆ ಲಾಂಚ್‌ಪ್ಯಾಡ್, ಪಾಲಿಬೇಸ್‌ನ ಎರಡು, ಅನಾಲಿಸಿಸ್, ಇಂಟಿಗ್ರೇಷನ್ ಅಂತ ಸಾಲಾಗಿ ಕೂತಿದ್ದವು. ಅಪ್ಡೇಟ್ ಹಾಕಿದಾಗಲೆಲ್ಲ ಇವಕ್ಕೂ ಅಪ್ಡೇಟ್.

ಇಷ್ಟೇ ಆಗಿದ್ದರೆ ಇದನ್ನು ಬರೆಯಲು ಕೂರುತ್ತಿರಲಿಲ್ಲ. ತಲೆ ತಿಂದಿದ್ದು ಕೊಲೇಷನ್.

ಹಳೇ ಮಷೀನಿನ ಬಿಲ್ಲಿಂಗ್ ಡೇಟಾಬೇಸನ್ನು ಹೊಸ ಸರ್ವರಿಗೆ ರಿಸ್ಟೋರ್ ಮಾಡಿದ್ದರು. ದಿನದ ಎಂಟ್ರಿ, ಇನ್‌ವಾಯ್ಸ್, ಜಿಎಸ್‌ಟಿ ಎಲ್ಲಾ ಸರಿಯಾಗಿ ನಡೆಯುತ್ತಿತ್ತು. ತಿಂಗಳ ಕೊನೆಗೆ ಸ್ಟಾಕ್ ರಿಪೋರ್ಟ್ ಒತ್ತಿದರೆ ಕೆಂಪು ಅಕ್ಷರದಲ್ಲಿ ಎರರ್ 468: ‘ಕ್ಯಾನಾಟ್ ರಿಸಾಲ್ವ್ ದಿ ಕೊಲೇಷನ್ ಕಾನ್‌ಫ್ಲಿಕ್ಟ್’. ಸಾಫ್ಟ್‌ವೇರ್‌ನವರಿಗೆ ಫೋನ್ ಮಾಡಿದರೆ "ನಮ್ ಕಡೆ ಚೆನ್ನಾಗೇ ಓಡ್ತಿದೆ ಸರ್" ಅಂದರು. ಅದು ಸುಳ್ಳೂ ಅಲ್ಲ.

ಅಕ್ಷರಗಳನ್ನು ಹೇಗೆ ಹೋಲಿಸಬೇಕು, ಯಾವ ಕ್ರಮದಲ್ಲಿ ಜೋಡಿಸಬೇಕು, ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರ ಒಂದೇನಾ ಬೇರೇನಾ ಅನ್ನುವ ನಿಯಮವೇ ಕೊಲೇಷನ್. ಇಡೀ ಸರ್ವರಿಗೆ ಒಂದಿರುತ್ತದೆ, ಒಂದೊಂದು ಡೇಟಾಬೇಸಿಗೂ ಅದರದ್ದೇ ಇರುತ್ತದೆ. ರಿಪೋರ್ಟು ನಡುವೆ ಒಂದು ತಾತ್ಕಾಲಿಕ ಟೇಬಲ್ ಮಾಡಿಕೊಳ್ಳುತ್ತಿತ್ತು. ಅದು ಹುಟ್ಟುವುದು ಟೆಂಪ್‌ಡಿಬಿ ಅನ್ನೋ ಸರ್ವರಿನ ತಾತ್ಕಾಲಿಕ ಡೇಟಾಬೇಸಿನಲ್ಲಿ, ಟೆಂಪ್‌ಡಿಬಿಗೆ ಇರುವುದು ಸರ್ವರಿನ ಕೊಲೇಷನ್. ಆ ಟೇಬಲ್ಲಿನ ಐಟಂ ಕೋಡನ್ನು ಅಸಲಿ ಟೇಬಲ್ಲಿನ ಐಟಂ ಕೋಡಿಗೆ ಹೋಲಿಸುವಾಗ ಯಾರ ನಿಯಮ ಹಿಡಿಯುವುದು ಅಂತ ಗೊತ್ತಾಗದೆ ಸರ್ವರ್ ಕೈ ಚೆಲ್ಲುತ್ತಿತ್ತು.

ಎರಡೂ ಬೇರೆ ಯಾಕಾದವು? ಸೆಟಪ್ಪಿನಲ್ಲಿ ಸರ್ವರ್ ಕಾನ್ಫಿಗರೇಷನ್ ಪುಟ ಬಂದಾಗ ಕಣ್ಣಿಗೆ ಬೀಳುವುದು ಸರ್ವೀಸ್ ಅಕೌಂಟ್ಸ್. ಕೊಲೇಷನ್ ಅದರ ಪಕ್ಕದ ಟ್ಯಾಬ್. ಅದನ್ನು ಕ್ಲಿಕ್ ಮಾಡದೇ ನೆಕ್ಸ್ಟ್ ಒತ್ತಬಹುದು, ಎಲ್ಲರೂ ಒತ್ತುತ್ತಾರೆ. ಆಗ ವಿಂಡೋಸ್‌ನ ಸಿಸ್ಟಂ ಲೊಕೇಲ್ ನೋಡಿ ಅದೇ ಒಂದನ್ನು ಆರಿಸಿಕೊಳ್ಳುತ್ತದೆ. ಲೊಕೇಲ್ ಅಮೆರಿಕದ ಇಂಗ್ಲಿಷ್ ಆಗಿದ್ದರೆ ‘ಎಸ್‌ಕ್ಯುಎಲ್_ಲ್ಯಾಟಿನ್1_ಜನರಲ್_ಸಿಪಿ1_ಸಿಐ_ಎಎಸ್’. ಭಾರತದ ಇಂಗ್ಲಿಷ್ ಆಗಿದ್ದರೆ ‘ಲ್ಯಾಟಿನ್1_ಜನರಲ್_ಸಿಐ_ಎಎಸ್’. ಹಳೇ ಮಷೀನಿನಲ್ಲಿ ಮೊದಲನೆಯದು ಇತ್ತು. ಹೊಸದರಲ್ಲಿ ಯಾರೋ ನೀಟಾಗಿ ಇಂಡಿಯಾ ಆರಿಸಿದ್ದರು. ತಾರೀಖು, ರೂಪಾಯಿ ಚಿಹ್ನೆ ಎಲ್ಲಾ ಸರಿ ಬಂತು, ಸ್ಟಾಕ್ ರಿಪೋರ್ಟ್ ಮಾತ್ರ ಹೋಯಿತು.

ಮರೆತ ಫೀಚರನ್ನು ಆಮೇಲೆ ಸೇರಿಸಬಹುದು. ಸರ್ವರ್ ಕೊಲೇಷನ್ ಬದಲಿಸಬೇಕಾದರೆ ಸರ್ವರ್ ತನಗಾಗಿ ಇಟ್ಟುಕೊಳ್ಳುವ ಸಿಸ್ಟಂ ಡೇಟಾಬೇಸುಗಳನ್ನೇ ಹೊಸದಾಗಿ ಕಟ್ಟಬೇಕು (ಇದೇ ರೀಬಿಲ್ಡ್). ಲಾಗಿನ್‌ಗಳು ‘ಮಾಸ್ಟರ್’ ಅನ್ನೋದರ ಒಳಗೆ, ಜಾಬ್‌ಗಳು (ತಾನಾಗಿ ನಡೆಯುವ ಕೆಲಸಗಳು) ‘ಎಂಎಸ್‌ಡಿಬಿ’ ಅನ್ನೋದರ ಒಳಗೆ ಇರುತ್ತವೆ, ರೀಬಿಲ್ಡ್ ಕೊಟ್ಟರೆ ಎಲ್ಲಾ ಅಳಿಸಿಹೋಗುತ್ತವೆ. ಹಾಗಾಗಿ ಮೊದಲು ಲಾಗಿನ್, ಜಾಬ್ ಎಲ್ಲವನ್ನೂ ಸ್ಕ್ರಿಪ್ಟ್ ಮಾಡಿ ಇಟ್ಟುಕೊಳ್ಳಬೇಕು, ಬ್ಯಾಕಪ್ ತೆಗೆಯಬೇಕು, ಡೇಟಾಬೇಸನ್ನು ಸರ್ವರಿನಿಂದ ಬಿಡಿಸಿ ಇಡಬೇಕು (ಡಿಟ್ಯಾಚ್). ರೀಬಿಲ್ಡ್ ಆದಮೇಲೆ ಒಂದೊಂದಾಗಿ ವಾಪಸ್ ಜೋಡಿಸಬೇಕು. ರಿಪೋರ್ಟಿನ ಕ್ವೆರಿಯಲ್ಲಿ, ಅಂದರೆ ಡೇಟಾ ಕೇಳುವ ಆದೇಶದಲ್ಲಿ, ‘ಕೊಲೇಟ್ ಡೇಟಾಬೇಸ್_ಡಿಫಾಲ್ಟ್’ ಅಂತ ಸೇರಿಸಿದರೂ ಪರಿಹಾರವೇ. ಆದರೆ ಕ್ವೆರಿ ಸಾಫ್ಟ್‌ವೇರ್‌ನವರದ್ದು, ನಮ್ಮದಲ್ಲವಲ್ಲ! ಒಂದು ಭಾನುವಾರ ಮಷೀನುಗಳೆಲ್ಲ ನಿಂತಿದ್ದಾಗ ಕೂತು ಮಾಡಿದೆ. ಯಜಮಾನರು ಎದುರಿಗೆ ಕಾಫಿ ಇಟ್ಟು "ಎಲ್ಲಾ ಹಾಕ್ಸಿದ್ವಲ್ಲ, ಇದೊಂದು ಬಿಟ್ಟೋಗಿತ್ತಾ?" ಅಂದರು. ಏನು ಹೇಳೋದು ಅಂತ ಸುಮ್ನೆ ಕಾಫಿ ಕುಡಿದೆ.

ಈಗ ನನ್ನ ಪ್ರೀತಿಯ ದಾರಿ. ಡೇಟಾ ಇಡುವ ಮುಖ್ಯ ಭಾಗವಾದ ಡೇಟಾಬೇಸ್ ಎಂಜಿನ್ ಸರ್ವೀಸಸ್‌ಗೆ ಒಂದು ಟಿಕ್. ಕನ್ನಡದಲ್ಲಿ ಹೆಸರು ಹುಡುಕುವ ಕಡೆ ಫುಲ್ ಟೆಕ್ಸ್ಟ್‌ಗೆ, ಅಂದರೆ ಪದ ಹುಡುಕುವ ಫೀಚರಿಗೆ, ಇನ್ನೊಂದು. ಮುಗಿಯಿತು. ಉಳಿದ ಸಮಯವನ್ನೆಲ್ಲ ಕೊಲೇಷನ್ ಟ್ಯಾಬಿಗೆ, ಮೆಮೊರಿ ಮಿತಿಗೆ, ಬ್ಯಾಕಪ್ ಫೋಲ್ಡರ್ ಎಲ್ಲಿರಬೇಕು ಅನ್ನೋದಕ್ಕೆ ಕೊಡುತ್ತೇನೆ. ಮೆಮೊರಿಗೆ ಮಿತಿ ಹಾಕದಿದ್ದರೆ ಸಿಕ್ಕಷ್ಟನ್ನೂ ನುಂಗಿ ಕೂರುತ್ತದೆ. 2019ರಿಂದ ಸೆಟಪ್ಪಿನಲ್ಲೇ ಅದಕ್ಕೊಂದು ಟ್ಯಾಬ್ ಕೊಟ್ಟಿದ್ದಾರೆ.

ಫುಲ್ ಟೆಕ್ಸ್ಟ್ ಬಗ್ಗೆ ಒಂದು ಖುಷಿಯ ವಿಷಯ. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ನಂಬರ್ 1099. ದಾವಣಗೆರೆ, ಹುಬ್ಬಳ್ಳಿ ಗಿರಾಕಿಗಳ ಹೆಸರನ್ನು ಕನ್ನಡದಲ್ಲೇ ಬರೆದಿಡುವ ಚಿಕ್ಕಪೇಟೆ ಅಂಗಡಿಗೆ ಇದು ನಿಜಕ್ಕೂ ಉಪಯೋಗಕ್ಕೆ ಬಂತು. ಕಾಲಂ ಮಾತ್ರ ಯೂನಿಕೋಡ್ ಹಿಡಿಸುವ ಎನ್‌ವಾರ್‌ಚಾರ್ ಥರದ್ದಾಗಿರಬೇಕು. ಮಾಮೂಲಿ ಕೊಲೇಷನ್‌ಗಳ ಕೋಡ್ ಪೇಜುಗಳಲ್ಲಿ (ಅಕ್ಷರಗಳ ಕೋಷ್ಟಕ) ಕನ್ನಡದ್ದು ಇಲ್ಲ, ಯೂನಿಕೋಡೇ ಬೇಕು. ಮಾಮೂಲಿ ವಾರ್‌ಚಾರ್ ಕಾಲಮ್ಮಿಗೆ ‘ಮಂಜುನಾಥ’ ಹಾಕಿದರೆ ಸಾಲಾಗಿ ಪ್ರಶ್ನೆ ಚಿಹ್ನೆ ಬಂದು ಕೂರುತ್ತವೆ. 2019ರಿಂದ ಯುಟಿಎಫ್-8 (ಯೂನಿಕೋಡ್ ಬರೆಯುವ ಒಂದು ಬಗೆ) ಕೊಲೇಷನ್ ಇದೆ, ಅದರಲ್ಲಾದರೆ ನಡೆಯುತ್ತದೆ.

ಈ ದಾರಿಯಲ್ಲೂ ಕಿರಿಕಿರಿ ಇದೆ. ಆಮೇಲೆ ಫೀಚರ್ ಸೇರಿಸಬೇಕಾದರೆ ಅದೇ ಇನ್‌ಸ್ಟಾಲೇಷನ್ ಫೈಲುಗಳು ಬೇಕು. ಹೊಸದಾಗಿ ಸೇರಿದ್ದು ಮೊದಲ ಬಿಡುಗಡೆಯ ಮಟ್ಟದಲ್ಲೇ ಬರುತ್ತದೆ, ಇತ್ತೀಚಿನ ಅಪ್ಡೇಟನ್ನು ಮತ್ತೆ ಓಡಿಸಬೇಕು. ಎಲ್ಲಕ್ಕೂ ಟಿಕ್ ಹಾಕಿದವರಿಗೆ ಈ ಒಂದು ಕಾಟ ಇಲ್ಲ, ಒಪ್ಪುತ್ತೇನೆ.

ಎರಡು ದಾರಿಯಲ್ಲೂ ಮರೆಯಬಾರದ್ದು ಏಜೆಂಟ್, ಅಂದರೆ ಹೇಳಿದ ಹೊತ್ತಿಗೆ ಜಾಬ್ ಓಡಿಸುವ ಸರ್ವೀಸ್. ಸೆಟಪ್ಪಿನಲ್ಲಿ ಎಂಜಿನ್ ‘ಆಟೋಮ್ಯಾಟಿಕ್’ ಇರುತ್ತದೆ, ಏಜೆಂಟ್ ‘ಮ್ಯಾನುಯಲ್’. ರಾತ್ರಿ ಬ್ಯಾಕಪ್ ತೆಗೆಯುವುದು ಏಜೆಂಟ್. ಕರೆಂಟು ಹೋಗಿ, ಯುಪಿಎಸ್ ಬ್ಯಾಟರಿ ಇಳಿದು, ಸರ್ವರ್ ತಾನಾಗಿ ಎದ್ದರೆ ಬೆಳಿಗ್ಗೆ ಬಿಲ್ಲಿಂಗ್ ನಡೆಯುತ್ತದೆ, ಬ್ಯಾಕಪ್ ಮಾತ್ರ ನಿಂತಿರುತ್ತದೆ. ಯಾರಿಗೂ ಗೊತ್ತೇ ಆಗುವುದಿಲ್ಲ. ನಮ್ಮೂರಲ್ಲಿ ಮೊದಲ ಮಳೆಗೇ ಇದು ಆಗುತ್ತದೆ, ಅಲ್ವಾ? ಅದೇ ಪುಟದಲ್ಲಿ ಬದಲಿಸಿಬಿಡಿ.

ಪೋಸ್ಟ್‌ಗ್ರೆಸ್ ಇನ್ನೊಂದು ಅಂಗಡಿಯಲ್ಲಿ ಓಡುತ್ತಿದೆ, ಉಬುಂಟು ಲಿನಕ್ಸ್ ಮೇಲೆ. ಅದರ ಸ್ವಭಾವವೇ ನನಗೆ ಹಿಡಿಸುತ್ತದೆ: ಕೇಳುವ ತನಕ ಏನೂ ಆನ್ ಆಗುವುದಿಲ್ಲ. ಎಕ್ಸ್‌ಟೆನ್ಷನ್ (ಹೆಚ್ಚುವರಿ ಫೀಚರ್) ಬೇಕಾದ ಡೇಟಾಬೇಸಿನಲ್ಲಿ ‘ಕ್ರಿಯೇಟ್ ಎಕ್ಸ್‌ಟೆನ್ಷನ್’ ಅಂದರೆ ಸಾಕು. ಕ್ವೆರಿಗಳ ಲೆಕ್ಕ ಇಡುವ ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ಥರದ ಕೆಲವಕ್ಕೆ ಮಾತ್ರ ಕಾನ್ಫಿಗ್ ಫೈಲಿನಲ್ಲಿ ಹೆಸರು ಸೇರಿಸಿ ರೀಸ್ಟಾರ್ಟ್ ಮಾಡಬೇಕು. ಯುಟಿಎಫ್-8 ಇದ್ದರೆ ಕನ್ನಡಕ್ಕೆ ಯಾವ ತಕರಾರೂ ಇಲ್ಲ. ಟೆಕ್ಸ್ಟ್ ಸರ್ಚ್‌ನಲ್ಲಿ ಹಿಂದಿ, ತಮಿಳು ಇವೆ, ಕನ್ನಡ ಇಲ್ಲ, ಯಾವ ಭಾಷೆಯ ನಿಯಮವೂ ಇಲ್ಲದ ‘ಸಿಂಪಲ್’ ಅನ್ನೋದರಲ್ಲೇ ಕಾಲ ಹಾಕಬೇಕು. ಲೈಸೆನ್ಸ್ ದುಡ್ಡು ಸೊನ್ನೆ. ಆದರೆ ನಾನು ನೋಡಿಕೊಳ್ಳುವ ಕಡೆಯ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳು ಜಾಸ್ತಿ ಎಸ್‌ಕ್ಯುಎಲ್ ಸರ್ವರ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಈ ಅಂಗಡಿಯದ್ದು ಅವರೇ ಬರೆಸಿಕೊಂಡ ಸಾಫ್ಟ್‌ವೇರ್, ಅದಕ್ಕೇ ಸಾಧ್ಯವಾಯಿತು.

ನಾನಾದರೆ ಹೀಗೆ ಮಾಡುತ್ತೇನೆ. ಸಾಫ್ಟ್‌ವೇರ್ ಸ್ವಂತದ್ದಾಗಿದ್ದು, ಲಿನಕ್ಸ್ ನೋಡಿಕೊಳ್ಳುವವರು ಇದ್ದರೆ ಪೋಸ್ಟ್‌ಗ್ರೆಸ್. ಬಜೆಟ್ ಕಡಿಮೆ, ಡೇಟಾ ಸಣ್ಣದು ಅಂದರೆ ಎಸ್‌ಕ್ಯುಎಲ್ ಸರ್ವರಿನ ಬಿಟ್ಟಿ ಎಕ್ಸ್‌ಪ್ರೆಸ್ ಎಡಿಷನ್. 2022ರಲ್ಲಿ ಒಂದು ಡೇಟಾಬೇಸಿಗೆ 10 ಜಿಬಿ ಮಿತಿ ಇದೆ. ಏಜೆಂಟೂ ಇಲ್ಲ, ಬ್ಯಾಕಪ್ಪಿಗೆ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಬಳಸಬೇಕು. ಉಳಿದವರಿಗೆ ಸ್ಟ್ಯಾಂಡರ್ಡ್, ಒಂದೋ ಎರಡೋ ಟಿಕ್. ಹಳೇ ಡೇಟಾಬೇಸ್ ತರುವುದಿದ್ದರೆ ಸೆಟಪ್ ಶುರು ಮಾಡುವ ಮೊದಲು ಹಳೇ ಸರ್ವರಿನ ಕೊಲೇಷನ್ ಹೆಸರನ್ನು ಬರೆದುಕೊಳ್ಳಿ.

ಕೊನೆಗೆ ‘ರೆಡಿ ಟು ಇನ್‌ಸ್ಟಾಲ್’ ಪುಟದ ಕೆಳಗೆ ಒಂದು ಕಾನ್ಫಿಗರೇಷನ್ ಫೈಲಿನ ಜಾಗ ತೋರಿಸುತ್ತದೆ. ನೀವು ಆರಿಸಿದ್ದೆಲ್ಲ ಅದರಲ್ಲಿರುತ್ತದೆ, ಪಾಸ್‌ವರ್ಡ್ ಬಿಟ್ಟು. ನಾನು ಅದನ್ನು ಗಿರಾಕಿಯ ಹೆಸರಿನ ಫೋಲ್ಡರಿಗೆ ಹಾಕಿಟ್ಟುಕೊಳ್ಳುತ್ತೇನೆ. ಮುಂದಿನ ಸಲ ಸರ್ವರ್ ಬದಲಾದಾಗ ಅದೇ ಫೈಲ್ ಕೊಟ್ಟರೆ ಅದೇ ಕೊಲೇಷನ್, ಅದೇ ಟಿಕ್ಕುಗಳು ವಾಪಸ್ ಬರುತ್ತವೆ.